ನೀರು ಕಾಯಲಿಟ್ಟು ಅಗೆಯಲು ಹೋದವರು

ಅವರು ಕೂತಿದ್ದನ್ನು ನಾನು ನೋಡಿದ್ದೇ ಅಪರೂಪ. ಸಮರ್‌ಸೆಟ್‌ನ ನಮ್ಮ ಆಫೀಸಿನಲ್ಲಿ ಮೀಟಿಂಗ್ ಶುರುವಾದರೆ ನಾವೆಲ್ಲ ಕುರ್ಚಿ ಎಳೆದುಕೊಳ್ಳುತ್ತಿದ್ದೆವು. ಇವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಮಾತಾಡುತ್ತಿದ್ದರು. ಫೋನ್ ಬಂತೆಂದರೆ ಮುಗಿಯಿತು, ಮಾತಾಡುತ್ತ ಮಾತಾಡುತ್ತ ಪಾರ್ಕಿಂಗ್ ಲಾಟಿಗೆ ನಡೆದೇಬಿಡುವರು. ಜನವರಿಯ ಹಿಮದಲ್ಲಿ ಕೋಟೂ ಇಲ್ಲದೆ, ಕಟ್ಟಡದ ಸುತ್ತ ಗಿರಕಿ ಹೊಡೆಯುತ್ತ ಯಾರಿಗೋ ಯಾವುದೋ ದ್ರಾವಣದ ಸಂಗತಿ ವಿವರಿಸುತ್ತಿರುವುದನ್ನು ನಾವು ಒಳಗಿನಿಂದ ನೋಡಿ ನಗುತ್ತಿದ್ದೆವು. ನನ್ನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರೆ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇರುತ್ತಿತ್ತು. ನಮ್ಮ ಮನೆಗೆ ಊಟಕ್ಕೆ ಬಂದಾಗ ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ಹೀ ಈಸ್ ಪೇಸಿಂಗ್ ಅಗೇನ್" ಎಂದು ಪಿಸುಗುಟ್ಟುತ್ತಿದ್ದಳು.

ಹೆಸರು ಬರೆಯುವುದಿಲ್ಲ. ಯಾರಾದರೂ ತಮ್ಮ ಬಗ್ಗೆ ಎರಡು ಒಳ್ಳೆಯ ಮಾತು ಆಡಹೊರಟರೆ, "ಇರಲಿ ಇರಲಿ, ಮುಂದಿಂದು ಹೇಳ್ರಿ" ಎಂದು ಕೈಯಾಡಿಸಿ ತಡೆಯುತ್ತಿದ್ದ ಮನುಷ್ಯ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಈಗ ಏಪ್ರಿಲ್ ಬಂದಿದೆ, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವರ ಚಡಪಡಿಕೆ ನನಗೆ ಅಂಟಿಕೊಂಡುಬಿಟ್ಟಿತೋ ಏನೋ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಧಾರವಾಡದವರು, ರಸಾಯನಶಾಸ್ತ್ರ ಓದಿದವರು. ಪ್ರಾಯದಲ್ಲಿ ಸಂಶೋಧನೆಗೆಂದು ಉತ್ತರ ಜಪಾನಿಗೆ ಹೋಗಿ, ಅಲ್ಲಿಂದ ಒಂದು ಡಿಗ್ರಿಯನ್ನೂ ಒಬ್ಬ ಹೆಂಡತಿಯನ್ನೂ ಸಂಪಾದಿಸಿಕೊಂಡು ನ್ಯೂಜೆರ್ಸಿಗೆ ಬಂದವರು. ನಾನು ಮೈಸೂರಿನವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಕೈಕೆಳಗಿದ್ದೆ. ಮೊದಲ ದಿನವೇ, "ಏ ತಂಗಿ, ಇಲ್ಲಿ ಯಾರ್‍ಗೂ ಹೆದರಬ್ಯಾಡ, ನನಗ ಮಾತ್ರ ಹೆದರು" ಎಂದಿದ್ದರು. ಅಂದಿನಿಂದ ನಾನು ಅವರಿಗೆ ತಂಗಿ, ಅವರು ನನಗೆ ಸರ್. ಅವರ ಹೆಂಡತಿಯನ್ನು ಊರಿನ ಎಲ್ಲ ಕನ್ನಡ ಮಂದಿಯಂತೆ ನಾನೂ ಆಂಟಿ ಎಂದೇ ಕರೆಯುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ.

ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಸರ್ ಬಾಗಿಲ ಬಳಿಯೇ ನಿಂತಿರುವರು. ಅಧ್ಯಕ್ಷರ ಮಾತು ಉದ್ದವಾದರೆ ಹಿಂದಿನಿಂದ, "ಭಾಷಣ ಸಣ್ಣದಿದ್ದಷ್ಟು ಊಟ ಬಿಸಿ ಇರತದ" ಎಂಬ ದನಿ ಕೇಳಿಸುತ್ತಿತ್ತು. ಸಿಟ್ಟು ಮಾಡಿಕೊಂಡವರೂ ಇದ್ದರು. ಆಂಟಿ ಮಾತ್ರ ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು, ಕೈ ಮಡಿಲಲ್ಲಿಟ್ಟು, ಅರ್ಥವಾದದ್ದಕ್ಕೂ ಆಗದ್ದಕ್ಕೂ ತಲೆದೂಗುತ್ತ ಕೂತಿರುತ್ತಿದ್ದರು. ಧಾರವಾಡದ ಅತ್ತೆ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ ಕಾಲದಲ್ಲಿ ಕಲಿತ ಕನ್ನಡ ಅವರದು. "ಉಂಡ್ರೇನು? ಬಿಸಿ ಅದ, ಹಾಕ್ಕೋರಿ" ಎಂದು ಅವರು ಜಪಾನಿ ಎಳೆತದಲ್ಲಿ ಹೇಳುವಾಗ ಬೆಂಗಳೂರಿನಿಂದ ಆಗಷ್ಟೇ ಬಂದಿಳಿದ ಹುಡುಗರು ಬಾಯಿ ಬಿಟ್ಟು ನೋಡುತ್ತಿದ್ದರು.

ವೆಸ್ಟ್ ವಿಂಡ್ಸರ್‌ನ ಅವರ ಮನೆಗೆ ಪ್ರತಿ ವರ್ಷ ಮೇ ತಿಂಗಳಲ್ಲಿ ನಮಗೊಂದು ಕರೆ ಬರುತ್ತಿತ್ತು. ಮೋಸೋಜಿರು ಉಣ್ಣಲು. ಹೆಸರು ಕೇಳಿ ನಗಬೇಡಿ. ಮೋಸೋ ಎಂದರೆ ಒಂದು ಜಾತಿಯ ದಪ್ಪ ಬಿದಿರು, ಜಿರು ಎಂದರೆ ಸಾರು. ಆಂಟಿಯ ತವರು ಯಾಮಗಾತಾ ಪ್ರಾಂತ್ಯದ ಶೋನಾಯ್ ಬಯಲು. ಅಲ್ಲಿ ಬೆಟ್ಟದ ಹಿಮ ಕರಗಿ ಬಿದಿರ ಮೊಳಕೆ ನೆಲ ಬಿರಿಸಿಕೊಂಡು ಮೂತಿ ತೋರಿಸಿದಾಗ ಮನೆಮನೆಯಲ್ಲೂ ಈ ಸಾರು. ಮೊಳಕೆ, ಕರಿದ ದಪ್ಪ ತೋಫು, ಅಣಬೆ, ಸೋಯಾದ ಮಿಸೋ ಹಿಟ್ಟು, ಕೊನೆಗೆ ಅಕ್ಕಿಯ ಮದ್ಯ ಹಿಂಡಿದ ಮೇಲೆ ಉಳಿಯುವ ಬಿಳಿಯ ಚರಟ. ಈ ಚರಟದ ಸಂಗತಿಯನ್ನು ನಾನು ನಮ್ಮ ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ. ಅವರು ಎರಡು ಬಟ್ಟಲು ಉಂಡಿದ್ದಾರೆ.

ಎಡ್ಜ್‌ವಾಟರ್‌ನ ಜಪಾನಿ ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ಟಿನ ಮೊಳಕೆಯಲ್ಲೇ ಆಂಟಿ ಅದನ್ನು ಮಾಡುತ್ತಿದ್ದರು. ನಾವು ಆಹಾ ಓಹೋ ಎಂದರೆ ಅವರು ಮುಖ ಕಿವುಚಿ, "ಇದು ಅದಲ್ಲರಿ" ಎನ್ನುತ್ತಿದ್ದರು. ಪ್ರತಿ ವರ್ಷವೂ ಅದೇ ಮಾತು. ಇದು ಅದಲ್ಲದಿದ್ದರೆ ಅದು ಹೇಗಿರುತ್ತದೆ ಎಂದು ನಾವು ಯಾರೂ ಕೇಳಲಿಲ್ಲ. ಸರ್ ಅಂತೂ ಉಂಡು ಕೈ ತೊಳೆದವರೇ ಹಿತ್ತಿಲಿಗೆ ಹೋಗಿ ಅಡ್ಡಾಡುತ್ತಿದ್ದರು.

ಆಮೇಲೆ ಆಂಟಿಗೆ ಮರೆವು ಶುರುವಾಯಿತು. ಮೊದಲು ಕಾರಿನ ಕೀ, ಆಮೇಲೆ ಮನೆಗೆ ಬರುವ ತಿರುವು, ಆಮೇಲೆ ಇಂಗ್ಲಿಷ್, ಅದರ ಹಿಂದೆಯೇ ಕನ್ನಡ. ಕೊನೆಗೆ ಉಳಿದದ್ದು ತವರಿನ ಹಳ್ಳಿಯ ಜಪಾನಿ. ಅದು ಸರ್‌ಗೂ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಎರಡು ಸಲ ನಸುಕಿನಲ್ಲಿ ಒಬ್ಬರೇ ಎದ್ದು ರಸ್ತೆಗೆ ಹೋದ ಮೇಲೆ ಸಮರ್‌ಸೆಟ್‌ನ ಒಂದು ಮೆಮರಿ ಕೇರ್ ಮನೆಗೆ ಸೇರಿಸಬೇಕಾಯಿತು. ಸರ್ ಆಗ ರಿಟೈರ್ ಆಗಿದ್ದರು. ದಿನಾ ವೆಸ್ಟ್ ವಿಂಡ್ಸರ್‌ನಿಂದ ಡ್ರೈವ್ ಮಾಡಿಕೊಂಡು ಬಂದು, ಆಂಟಿಯ ಕೋಣೆಯಲ್ಲಿ ಅಡ್ಡಾಡಿ, ಸಂಜೆ ಹೋಗುತ್ತಿದ್ದರು. ನಮ್ಮ ಮನೆ ಅಲ್ಲಿಂದ ಹತ್ತಿರ, ಆಗಾಗ ಬಂದು ಚಹಾ ಕುಡಿಯುತ್ತಿದ್ದರು. ನಿಂತೇ.

ಅಲ್ಲಿನ ಮೊದಲ ಚಳಿಗಾಲ ಕಳೆದು ಏಪ್ರಿಲ್ ಬರುವ ಹೊತ್ತಿಗೆ ಆಂಟಿ ಉಣ್ಣುವುದನ್ನು ಬಿಟ್ಟರು. ಚಮಚ ಹತ್ತಿರ ತಂದರೆ ತುಟಿ ಬಿಗಿದು ಮುಖ ತಿರುಗಿಸಿಬಿಡುವರು. ಬಲವಂತ ಮಾಡಿದರೆ ಉಗುಳುವರು. ಮೊಸರು, ಓಟ್‌ಮೀಲ್, ಗಂಜಿ, ಎಡ್ಜ್‌ವಾಟರ್‌ನಿಂದ ತಂದ ಸಿಹಿ, ಯಾವುದೂ ಇಲ್ಲ. ಗುಟುಕು ನೀರು, ಗುಟುಕು ಜ್ಯೂಸ್, ಅಷ್ಟೇ. ಮೈ ಇಳಿದು ಇಳಿದು ಬಳೆ ಮೊಣಕೈವರೆಗೆ ಜಾರುತ್ತಿತ್ತು. ಹೊಟ್ಟೆಗೆ ಫೀಡಿಂಗ್ ಟ್ಯೂಬ್ ಹಾಕುವುದೋ ಬಿಡುವುದೋ ನೀವೇ ಹೇಳಬೇಕು ಎಂದು ಡಾಕ್ಟರ್ ನಮ್ಮ ಸರ್ ಅವರನ್ನು ಕೇಳಿದರು. ಮೇ ಕೊನೆಯವರೆಗೆ ನೋಡೋಣ ಎಂದು ಒಂದು ಗಡುವನ್ನೂ ಕೊಟ್ಟರು. ಆವತ್ತು ಸಂಜೆ ಸರ್ ನಮ್ಮ ಅಡಿಗೆಮನೆಗೆ ಬಂದು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು.

"ಟ್ಯೂಬ್ ಹಾಕಿದ್ರ ಕಿತ್ತು ಒಗೀತಾಳ, ಕೈ ಕಟ್ಟಬೇಕಾಗ್ತದ ಅಂತಾರ. ಹಾಕದಿದ್ರ..." ಎಂದು ನಿಲ್ಲಿಸಿ, "ಇರಲಿ, ಮುಂದಿಂದು" ಎಂದರು. ಮುಂದಿನದು ಏನೂ ಇರಲಿಲ್ಲ.

ಮುಂದಿನದು ಒಂದು ವಾರದಲ್ಲಿ ಬಂತು. ಬೆಳಿಗ್ಗೆ ಆಫೀಸಿನಲ್ಲಿದ್ದೆ, ಫೋನ್.

"ತಂಗಿ, ಮಾತಾಡಿದಳು! ಕಿಟಕಿ ಹೊರಗ ನೋಡಿ, ಮೋಸೋ ಬಂತೇನು ಅಂತ ಕೇಳಿದಳು. ಮೋಸೋ ಬಂತೇನು ಅಂತ! ಮತ್ತೇನೂ ಇಲ್ಲ. ಆ ಸಾರು ಕೊಟ್ರ ಉಣ್ಣತಾಳ. ಖರೇ ಹೇಳತೇನಿ, ಉಣ್ಣತಾಳ."

ಅಲ್ಲಿಂದ ಶುರುವಾಯಿತು ಅವರ ಓಟ. ಪ್ಯಾಕೆಟ್ಟಿನ ಮೊಳಕೆ ತಂದು, ಅಂದಾಜಿನ ಮೇಲೆ ಸಾರು ಮಾಡಿಕೊಂಡು ಹೋದರು. ಆಂಟಿ ಮೂಸಿ ನೋಡಿ ಬಾಯಿ ಮುಚ್ಚಿಕೊಂಡರು. ಎಡಿಸನ್‌ನ ಚೀನೀ ಅಂಗಡಿಯಲ್ಲಿ ಹಸಿ ಮೊಳಕೆ ಸಿಕ್ಕಿತು, ಹಡಗಿನಲ್ಲೋ ವಿಮಾನದಲ್ಲೋ ಬಂದು ಬಾಡಿದ್ದು. ಅದಕ್ಕೂ ಇಲ್ಲ. ಲಾಂಗ್ ಐಲೆಂಡಿನ ಜೆರಿಕೋದಲ್ಲಿ ನಮ್ಮವರೇ ಒಬ್ಬ ಡಾಕ್ಟರ್ ಇದ್ದಾರೆ. ಅವರ ಹಿತ್ತಿಲಿಗೆ ಪಕ್ಕದ ಮನೆಯ ಬಿದಿರು ಬೇಲಿಯಡಿಯಿಂದ ನುಗ್ಗಿ ಹುಲ್ಲುಹಾಸನ್ನೆಲ್ಲ ಹಾಳು ಮಾಡುತ್ತಿದೆ ಎಂದು ಎಲ್ಲ ಪಾರ್ಟಿಯಲ್ಲೂ ಗೋಳಾಡುತ್ತಿದ್ದರು. ನಾನು ಆ ಮಾತು ಹೇಳಿದ್ದೇ ತಡ, ಸರ್ ಕಾರು ಹತ್ತಿದರು. ಎರಡು ಸೇತುವೆ, ಎರಡೂ ಕಡೆಯ ಟ್ರಾಫಿಕ್ ದಾಟಿಕೊಂಡು ಸಂಜೆಗೆ ಒಂದು ಚೀಲ ಮೊಳಕೆ ತಂದು ನಮ್ಮ ಅಡಿಗೆಕಟ್ಟೆಯ ಮೇಲೆ ಸುರಿದರು. ಆ ಡಾಕ್ಟರ್ ಇನ್ನಷ್ಟು ಒಯ್ಯಿರಿ ಎಂದು ಕೈಮುಗಿದರಂತೆ.

"ನಮ್ಮ ಧಾರವಾಡದಾಗ ಬಿದಿರು ಅಂದ್ರ ಬುಟ್ಟಿ, ಏಣಿ. ತಿನ್ನೂದು ಯಾರಿಗೆ ಗೊತ್ತು? ಅಮ್ಮಾರ, ನಿಮಗ ಗೊತ್ತದಲ್ಲ? ಹೇಳ್ರಿ" ಎಂದು ನಮ್ಮ ಅತ್ತೆಯ ಮುಂದೆ ನಿಂತರು.

ನಮ್ಮ ಅತ್ತೆ ಉಡುಪಿಯ ಕಡೆಯವರು. ಮೊಳಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ್ದೇ ಅವರ ಕಣ್ಣು ಅರಳಿತು. "ಇದು ಹಸಿ ಕಣಿಲೆ ಅಲ್ವಾ! ಈ ಊರಲ್ಲಿಯೂ ಉಂಟಾ? ಇದನ್ನು ಹಾಗೆಯೇ ಬೇಯಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೇ. ಗಂಟಲು ತುರಿಸ್ತದೆ, ಹೊಟ್ಟೆ ಕೆಡ್ತದೆ. ಕೊಚ್ಚಿ ಮೂರು ದಿನ ನೀರಲ್ಲಿ ಹಾಕ್ಬೇಕು. ದಿನಾ ನೀರು ಬದಲಿಸ್ಬೇಕು."

ಕಣಿಲೆ ತಿಂದು ಬೆಳೆದವರು ಹೇಳಿದ ಮೇಲೆ ಇನ್ನೇನು? ಸರ್ ಹಾಗೆಯೇ ಮಾಡಿದರು. ಆ ಮೂರು ದಿನ ಅವರಿಗೆ ಆದ ಸಂಕಟ ನೋಡಬೇಕಿತ್ತು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಫೋನ್ ಮಾಡಿ, "ನೀರು ಹಳದಿ ಆಗೇದ, ಚೊಲೋನೋ ಕೆಟ್ಟೋ?" ಎಂದು ಅತ್ತೆಯನ್ನು ಕೇಳುವರು. ಅತ್ತೆಯೂ ಆಪರೇಷನ್ ನಡೆಸುವ ಗತ್ತಿನಲ್ಲಿ ಉತ್ತರ ಕೊಡುವರು. ನಾಲ್ಕನೆಯ ದಿನ ಸಾರು ತಯಾರಾಯಿತು. ನಾನೂ ಜೊತೆಗೆ ಹೋದೆ. ಆಂಟಿ ಬಟ್ಟಲನ್ನು ನೋಡಲೂ ಇಲ್ಲ. ಸರ್ ಚಮಚವನ್ನು ತುಟಿಗೆ ತಾಗಿಸಿದರು, ತುಟಿ ತೆರೆಯಲಿಲ್ಲ. ಅವರು ಆ ಚಮಚವನ್ನು ಅಲ್ಲೇ ಗಾಳಿಯಲ್ಲಿ ಹಿಡಿದು ನಿಂತದ್ದನ್ನು ನಾನು ನೋಡಲಾರದೆ ಹೊರಗೆ ಬಂದೆ.

ಕಾರಿನಲ್ಲಿ ಸರ್ ಉಳಿದ ಸಾರನ್ನು ತಾವೇ ಒಂದು ಚಮಚ ಬಾಯಿಗೆ ಹಾಕಿಕೊಂಡರು. "ಏನೋ ತಪ್ಪೇದ ತಂಗಿ. ವಾಸನಿನ ಇಲ್ಲ ಅದಕ್ಕ. ಬಾಯಿಗೆ ಹಾಕ್ಕೊಂಡ್ರ ತೊಯ್ದ ರಟ್ಟು." ಮನೆಗೆ ಬಂದವರೇ ಆಂಟಿಯ ತಂಗಿಗೆ ಫೋನ್ ಹಚ್ಚಿದರು. ಆಕೆ ಇನ್ನೂ ತವರಿನಲ್ಲೇ ಇದ್ದಾರೆ. ಅಲ್ಲಿ ಆಗ ಬೆಳಿಗ್ಗೆ. ಸ್ಪೀಕರ್ ಹಾಕಿಕೊಂಡು ಸರ್ ನಮ್ಮ ಅಡಿಗೆಮನೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಜಪಾನಿಯಲ್ಲಿ ಎಲ್ಲವನ್ನೂ ವಿವರಿಸಿದರು. ಆ ಕಡೆಯಿಂದ ಆಕೆ ಒಮ್ಮೆ ಜೋರಾಗಿ ನಕ್ಕರು. ಆಮೇಲೆ ನಗು ನಿಂತಿತು. ಆಮೇಲೆ ಬಹಳ ಹೊತ್ತು ನಿಧಾನವಾಗಿ ಏನೋ ಹೇಳಿದರು. ಸರ್ ಓಡಾಟ ನಿಲ್ಲಿಸಿ ಕೇಳಿದರು.

"ಏನಂದ್ರು ಸರ್?"

"ಮೂರು ದಿವಸ ನೀರಾಗ ಇಟ್ರಿ? ಅಂತ ನಕ್ಕಳು. ಅವರ ಕಡೆ ಮೊದಲ ಒಲಿ ಮ್ಯಾಲೆ ನೀರು ಇಡತಾರಂತ. ನೀರು ಕಾಯಲಿಕ್ಕೆ ಇಟ್ಟು ಆಮ್ಯಾಲೆ ಅಗೀಲಿಕ್ಕೆ ಹೋಗತಾರಂತ. ನಸುಕಿನ್ಯಾಗ, ಬಿಸಿಲು ತಾಗೂಕಿಂತ ಮೊದಲ. ತಂದು ಸುಲಿದು ಸೀದಾ ಗಡಿಗ್ಯಾಗ. ಮಣ್ಣಿಂದ ಹೊರಗ ಬಂದ ಮ್ಯಾಲೆ ಒಂದೊಂದು ತಾಸಿಗೂ ಒಗರು ಏರತದಂತ. ಹಂಗ ತಂದಿದ್ದಕ್ಕ ನೆನಸೂದು ಬ್ಯಾಡ, ಏನೂ ಬ್ಯಾಡ. ನಾವು ನೀರಾಗಿಟ್ಟು ಅದರ ಜೀವಾನ ತಗದೇವಿ."

ಅತ್ತೆ ಸೆರಗು ಸರಿಮಾಡಿಕೊಂಡು, "ನಮ್ಮದು ಮಳೆಗಾಲದ ಕಣಿಲೆ, ಅದು ಕಹಿಯೇ. ಅವರದ್ದು ಜಾತಿಯೇ ಬೇರೆ ಇರ್ಬೇಕು" ಎಂದರು. ಸರ್ ಅವರ ಕಡೆ ತಿರುಗಿ, "ನಿಮ್ಮದೂ ಖರೇನ ಅಮ್ಮಾರ. ನಮ್ಮ ಪುಣ್ಯಾ ಬ್ಯಾರೆ ಆತು" ಎಂದು ನಕ್ಕರು. ಆ ನಗೆ ನೋಡಲು ಕಷ್ಟವಾಯಿತು.

ಈಗ ಬೇಕಾದದ್ದು ಇಷ್ಟೇ: ಆಂಟಿ ಇರುವ ಮನೆಯಿಂದ, ನೀರು ಕಾಯುವಷ್ಟು ಹೊತ್ತಿನಲ್ಲಿ ಹೋಗಿ ಬರುವಷ್ಟು ಹತ್ತಿರ ಒಂದು ಬಿದಿರ ಮೆಳೆ. ಜೆರಿಕೋ ಆಗುವುದಿಲ್ಲ. ಮೊಳಕೆ ಬರುವುದು ಎರಡು ಮೂರು ವಾರ ಮಾತ್ರ, ಅದರಲ್ಲಿ ಎಷ್ಟೋ ಆಗಲೇ ಕಳೆದಿತ್ತು. ಸರ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದರು. ತಟ್ಟನೆ ನಿಂತು ನನ್ನ ಕಡೆ ತೋರುಬೆರಳು ಚಾಚಿದರು.

"ಏ! ನಮ್ಮ ಆಫೀಸ್ ಹಿಂದ, ಕಸದ ಡಂಪ್‌ಸ್ಟರ್ ಕಾಣಬಾರದು ಅಂತ ಹಚ್ಚ್ಯಾರಲ್ಲ, ಅದು ಏನು?"

ಅದು ಬಿದಿರು. ಇಷ್ಟು ವರ್ಷ ಅದರ ಮುಂದೆ ಕಾರು ನಿಲ್ಲಿಸಿದರೂ ನನಗೆ ಅದರತ್ತ ಗಮನವಿರಲಿಲ್ಲ. ಫೋನ್ ಹಿಡಿದು ಸಾವಿರ ಸಲ ಆ ಕಟ್ಟಡ ಸುತ್ತಿದ ಮನುಷ್ಯನಿಗೆ ಮಾತ್ರ ಅಲ್ಲಿನ ಪ್ರತಿ ಗಿಡವೂ ಪರಿಚಯ. ಆಂಟಿಯ ಕೇರ್ ಮನೆಯಿಂದ ಅದು ಐದು ನಿಮಿಷದ ಡ್ರೈವ್. ಕಟ್ಟಡ ನೋಡಿಕೊಳ್ಳುವ ಮ್ಯಾನೇಜರನ್ನು ಕೇಳಿದೆ. ಪ್ರತಿ ಮೇ ತಿಂಗಳಲ್ಲಿ ಆ ಮೊಳಕೆಗಳನ್ನು ಕಡಿಸುವುದೇ ತನಗೊಂದು ತಲೆನೋವು, ಬೇಕಾದಷ್ಟು ಅಗೆದುಕೊಳ್ಳಿ ಎಂದು ಆತ ನನ್ನನ್ನು ವಿಚಿತ್ರವಾಗಿ ನೋಡಿದ.

ಕೇರ್ ಮನೆಯ ಒಳಗೆ ಬೆಂಕಿ ಹಚ್ಚುವಂತಿರಲಿಲ್ಲ. ಪಾರ್ಕಿಂಗ್ ಲಾಟಿನ ಕಟ್ಟಕಡೆಯಲ್ಲಿ, ಕಟ್ಟಡದಿಂದ ದೂರ, ಪಿಕ್ನಿಕ್ಕಿನ ಗ್ಯಾಸ್ ಒಲೆ ಹಚ್ಚಲು ಅಲ್ಲಿನ ಒಬ್ಬ ನರ್ಸ್ ಒಪ್ಪಿಗೆ ಕೊಡಿಸಿದಳು. ಮೊಳಕೆಯನ್ನು ನುಣ್ಣಗೆ ಕೊಚ್ಚಬೇಕು, ಗಂಟಲಲ್ಲಿ ಸಿಕ್ಕಬಾರದು ಎಂಬ ಷರತ್ತೂ ಹಾಕಿದಳು. ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ವ್ಯಾನಿನ ಹಿಂಬಾಗಿಲೆತ್ತಿ ನಾನು ಒಲೆ ಹಚ್ಚಿದೆ. ನಾನು ಬೇಡವೆಂದರೂ ಅತ್ತೆ ಬಂದೇ ಬಂದರು. ಸೀರೆಯ ಮೇಲೆ ಮಗಳ ದಪ್ಪ ಜಾಕೆಟ್, ಕಾಲಿಗೆ ಬೂಟು. ಒಲೆಗೆ ಗಾಳಿ ಬಡಿಯದಂತೆ ಕೊಡೆ ಅಡ್ಡ ಹಿಡಿದು ನಿಂತರು. ನೀರಿಟ್ಟ ಮೇಲೆ ಸರ್ ಗುದ್ದಲಿ ಹಿಡಿದು ಕಾರು ಹತ್ತಿದರು.

ನೀರು ಕುದಿ ಬರುವ ಹೊತ್ತಿಗೆ ಅವರ ಕಾರು ತಿರುವಿನಲ್ಲಿ ಕಾಣಿಸಿತು. ಪ್ಯಾಂಟಿನ ಮೊಣಕಾಲಿಗೆಲ್ಲ ಕೆಸರು. "ಸುಲಿಯುದು ನಂಗೆ ಬಿಡಿ" ಎಂದು ಅತ್ತೆ ಕೊಡೆಯನ್ನು ನನಗೆ ಕೊಟ್ಟು ಚೀಲ ಕಸಿದುಕೊಂಡರು. ಅವರ ಕೈ ಓಡಿದ ವೇಗ ನೋಡಿ ನಾನೇ ಬೆರಗಾದೆ. ಹೊರಗಿನ ಪೊರೆಗಳು ಒಂದಾದ ಮೇಲೊಂದು ಕಳಚಿ, ಒಳಗಿನ ಎಳೆ ಬಿಳಿ ತುದಿ ಕೊಚ್ಚಿ, ನೀರಿಗೆ ಬಿತ್ತು. ಚೆನ್ನಾಗಿ ಬೇಯಲು ಬಿಟ್ಟೆವು. ಸ್ವಲ್ಪ ಹೊತ್ತಿಗೆ ಆವಿಯಲ್ಲಿ ಒಂದು ಪರಿಮಳ ಬಂತು. ಸರ್ ಅಡ್ಡಾಡುತ್ತಿದ್ದವರು ನಿಂತರು.

"ಸೀತನಿ ವಾಸನಿ! ಹಸಿ ಜ್ವಾಳದ ತೆನಿ ಸುಟ್ಟಂಗ! ನೋಡ್ರಿ ಅಮ್ಮಾರ, ನೋಡ್ರಿ!"

ನನಗೂ ಆ ಪರಿಮಳ ಮೂಗಿಗೆ ಬಿತ್ತು. ಪ್ಯಾಕೆಟ್ಟಿನ ಮೊಳಕೆಯಲ್ಲಿ ಇದು ಯಾವತ್ತೂ ಇರಲಿಲ್ಲ. ಇದು ಅದಲ್ಲರಿ ಎಂದು ಆಂಟಿ ವರ್ಷವರ್ಷವೂ ಏಕೆ ಹೇಳುತ್ತಿದ್ದರೆಂದು ಆಗ ಗೊತ್ತಾಯಿತು.

ನರ್ಸ್ ಆಂಟಿಯನ್ನು ಕಂಬಳಿ ಸುತ್ತಿ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಮಿಸೋ ಕದಡಿ, ಚರಟ ಹಾಕಿ, ಆರಿಸಿ, ಸರ್ ಚಮಚ ಹಿಡಿದರು. ಆಂಟಿಯ ತುಟಿ ಮುಚ್ಚಿಯೇ ಇತ್ತು. ಆದರೆ ಮುಖ ತಿರುಗಿಸಲಿಲ್ಲ. ಪಾತ್ರೆಯ ಕಡೆ ನೋಡಿದರು, ಮೂಗು ಅರಳಿತು. ಆಮೇಲೆ ಬಾಯಿ ತೆರೆದರು. ಅಗಿದರು, ನುಂಗಿದರು. ಅತ್ತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅರ್ಧ ಬಟ್ಟಲು ಹೋಯಿತು. ನಡುವೆ ಆಂಟಿ ಜಪಾನಿಯಲ್ಲಿ ಏನೋ ಕೇಳಿದರು, ಸರ್ ಉತ್ತರ ಕೊಟ್ಟರು.

"ಬೆಟ್ಟದ ಮ್ಯಾಲಿನ ಹಿಮ ಕರಗಿತೇನು ಅಂತ ಕೇಳಿದಳು. ಕರಗಿತು ಅಂದೆ" ಎಂದು ನಮಗೆ ಹೇಳಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಇಡೀ ಪಾರ್ಕಿಂಗ್ ಲಾಟನ್ನು ಒಂದು ಸುತ್ತು ಹಾಕಿ ಬಂದರು.

ಆಮೇಲಿನ ದಿನಗಳೆಲ್ಲ ಹೀಗೆಯೇ. ನಾನು ಆಫೀಸಿಗೆ ಹೋಗುವ ಮುಂಚೆ ಒಲೆ ಹಚ್ಚುವುದು, ಸರ್ ಅಗೆದು ತರುವುದು, ಅತ್ತೆ ಸುಲಿಯುವುದು. ಆಂಟಿಗೆ ಸರ್ ತನ್ನ ಗಂಡನೆಂದು ಗೊತ್ತಿರಲಿಲ್ಲ. ಮೋಸೋ ತರುವ ಮನುಷ್ಯ ಎಂದು ನರ್ಸಿಗೆ ತೋರಿಸಿ ಜಪಾನಿಯಲ್ಲೇ ಹೇಳಿದರಂತೆ. ಸರ್ ಅದನ್ನು ನನಗೆ ಹೇಳಿ, "ಇರಲಿ, ಮುಂದಿಂದು" ಎಂದರು. ದನಿ ಗಟ್ಟಿಯಾಗಿಯೇ ಇತ್ತು. ಕಣ್ಣು ಮಾತ್ರ ಬೇರೆ ಕಡೆ ತಿರುಗಿತ್ತು.

ಆದರೆ ಆಂಟಿ ಮೋಸೋಜಿರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಊಟಕ್ಕೆ ಅದೇ ಬಿಗಿದ ತುಟಿ, ರಾತ್ರಿಗೂ ಅದೇ. ಬೆಳಗಿನ ಒಂದು ಬಟ್ಟಲಿನ ಮೇಲೆ ಜೀವ ಹಿಡಿದಿತ್ತು. ಆ ಬಟ್ಟಲು ನಿಂತುಹೋದರೆ ಡಾಕ್ಟರಿಗೆ ಟ್ಯೂಬಿನ ಉತ್ತರ ಹೇಳಬೇಕು. ಇತ್ತ ಬಿದಿರಿನ ಮೊಳಕೆಗೆ ಯಾರ ಮುಲಾಜೂ ಇಲ್ಲ. ಇವತ್ತು ಗೇಣುದ್ದ ಇದ್ದದ್ದು ನಾಳೆ ಮೊಣಕಾಲುದ್ದ, ನಾಡಿದ್ದು ನಮ್ಮನ್ನು ಮೀರಿಸಿ ನಿಲ್ಲುತ್ತದೆ. ಸರ್ ಮೊಳಕೆಗಳ ಮೇಲೆ ಮಣ್ಣು ಏರಿಸಿದರು, ಬಕೆಟ್ ಬೋರಲು ಹಾಕಿದರು, ಅದು ಬಕೆಟ್ಟನ್ನೇ ಎತ್ತಿ ನಿಂತಿತು. ಬೇಯಿಸಿ ಫ್ರೀಜರಿನಲ್ಲಿಟ್ಟು ನೋಡಿದರು, ಆಂಟಿ ಉಗುಳಿದರು. ಇನ್ನಷ್ಟು ಉತ್ತರಕ್ಕೆ ಹೋದರೆ ತಡವಾಗಿ ಮೊಳೆಯುತ್ತದೇನೋ ಎಂದು ಎರಡು ದಿನ ಹಡ್ಸನ್ ನದಿಯ ದಂಡೆಯುದ್ದಕ್ಕೂ ಡ್ರೈವ್ ಮಾಡಿಕೊಂಡು ಬಂದರು. ಎಲ್ಲ ಕಡೆಯೂ ಬಿದಿರು ಎತ್ತರಕ್ಕೆ ಹೋಗಿಬಿಟ್ಟಿತ್ತು. ಹೋದಲ್ಲಿಂದೆಲ್ಲ ನನಗೆ ಫೋನ್. ರಸ್ತೆಯ ಸದ್ದಿನ ನಡುವೆ, "ಇಲ್ಲ ತಂಗಿ, ಇಲ್ಲೂ ಇಲ್ಲ" ಎಂದು ಹೇಳಿ ಇಟ್ಟುಬಿಡುವರು. ಆ ದಿನಗಳಲ್ಲಿ ನನಗೆ ಆಫೀಸಿನ ಕೆಲಸ ತಲೆಗೆ ಹತ್ತುತ್ತಿರಲಿಲ್ಲ, ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ. ಅತ್ತೆ ದೇವರ ಮುಂದೆ ಕೂತು ಬಿದಿರು ಇನ್ನೊಂದು ವಾರ ಮೊಳೆಯಲಿ ಎಂದು ಬೇಡಿಕೊಂಡರು.

ಮೇ ಕೊನೆಯ ಒಂದು ಶನಿವಾರ ಬೆಳಿಗ್ಗೆ ನಾನು ಎಂದಿನಂತೆ ನೀರಿಟ್ಟು ಕಾದೆ. ನೀರು ಕುದಿಯಿತು, ಇಂಗತೊಡಗಿತು. ಇನ್ನಷ್ಟು ನೀರು ಹಾಕಿದೆ. ಸರ್ ಬರಲಿಲ್ಲ. ಒಲೆ ಆರಿಸಿ, ಪಾತ್ರೆ ಕಾಯಲು ಅತ್ತೆಯನ್ನು ಬಿಟ್ಟು ಒಳಗೆ ಹೋದೆ. ಆಂಟಿಯನ್ನು ಊಟದ ಕೋಣೆಯಲ್ಲಿ ಮೇಜಿನ ಮುಂದೆ ಕೂರಿಸಿದ್ದರು. ದಿನದಂತೆ ಅಂದೂ ಯಾರೋ ಅವರ ಮುಂದೆ ಓಟ್‌ಮೀಲ್ ಇಟ್ಟುಹೋಗಿದ್ದರು. ನರ್ಸ್ ಒಂದು ಚಮಚ ಪ್ರಯತ್ನಿಸಿ, ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನೂ ಪ್ರಯತ್ನಿಸಿದೆ. ಆಂಟಿ ತುಟಿ ಬಿಗಿದು ಗೋಡೆಯ ಕಡೆ ತಿರುಗಿದರು.

ಸರ್ ಬಂದರು. ಆಂಟಿಗೆ ಕಾಣದಂತೆ ಅವರ ಕುರ್ಚಿಯ ಹಿಂದೆಯೇ ನಿಂತುಬಿಟ್ಟರು. ಖಾಲಿ ಚೀಲವನ್ನು ಮಡಿಸಿ ಮಡಿಸಿ ಸಣ್ಣದು ಮಾಡಿ ಹಿಡಿದುಕೊಂಡಿದ್ದರು.

"ಮುಗೀತು ತಂಗಿ. ಒಂದೂ ಇಲ್ಲ. ನೆಲಾ ಎಲ್ಲಾ ಕೈಲೆ ಕೆದರಿ ನೋಡಿದೆ. ಈಗ ಈಕಿ ಮುಂದ ಹ್ಯಾಂಗ ಹೋಗಲಿ?" ದನಿ ತಗ್ಗಿಸಿ, "ಸೋಮವಾರ ಡಾಕ್ಟರ್‍ಗೆ ಏನಂತ ಹೇಳಲಿ?" ಎಂದರು.

ಅವರನ್ನು ತೋಳು ಹಿಡಿದು ಈಚೆ ಕರೆದೆ. ಹೇಳದೆ ಓಡಿಹೋಗುವ ಮನುಷ್ಯ ಅಲ್ಲ, ಆದರೂ ಆವತ್ತು ಓಡಿಬಿಡುವರೇನೋ ಅನ್ನಿಸಿತ್ತು. ಅವರು ಮೇಜನ್ನು ಬಳಸಿಕೊಂಡು ಆಂಟಿಯ ಎದುರಿಗೆ ಬಂದರು. ಆಂಟಿ ಗೋಡೆಯಿಂದ ಮುಖ ತಿರುಗಿಸಿ ಅವರನ್ನು ನೋಡಿದರು. ಅವರ ಖಾಲಿ ಕೈಗಳನ್ನೂ ನೋಡಿದರು. ನೋಡಿ, ಬಾಯಿ ತೆರೆದರು.

ಸರ್ ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಏನು ಕೊಡಲಿ? ತಂಗಿ, ನಾ ಏನೂ ತಂದಿಲ್ಲ, ಏನು ಕೊಡಲಿ?"

ನಾನು ಓಟ್‌ಮೀಲಿನ ಬಟ್ಟಲನ್ನು ಅವರ ಕಡೆ ಸರಿಸಿದೆ. ಅವರು ನಂಬಿಕೆಯಿಲ್ಲದೆಯೇ ಒಂದು ಚಮಚ ತೆಗೆದು ಕೊಟ್ಟರು. ಆಂಟಿ ಅದನ್ನು ನುಂಗಿ, ಅವರ ಮುಖವನ್ನೇ ನೋಡುತ್ತ ಮತ್ತೆ ಬಾಯಿ ತೆರೆದರು. ಸರ್ ಅಳುತ್ತಲೇ ಎರಡನೇ ಚಮಚ ತುಂಬಿದರು.